ಬೆಂಡು ಹಿಡಿದು ಮಗುಚುವುದು, ಬೆಂಡು ಬಿಟ್ಟು ಏಳುವುದು

ಗ್ರೀನ್‌ಲ್ಯಾಂಡ್ ಶೈಲಿಯ ಕಯಾಕ್ ರೋಲ್ ಅಭ್ಯಾಸದಲ್ಲಿ ನಮ್ಮ ಗುಂಪಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು 5 ಲೀಟರಿನ ಖಾಲಿ ಎಣ್ಣೆ ಕ್ಯಾನು. ಎರಡನೆಯದು ಮಲ್ಪೆ ಬಂದರಿನ ಹತ್ತಿರ ಬಲೆ ಸಾಮಾನು ಮಾರುವ ಅಂಗಡಿಯ ಬೆಂಡುಗಳು. ಹುಟ್ಟಿನ ತುದಿಗೆ ಸಿಕ್ಕಿಸಿ ಊದುವ ಗಾಳಿಚೀಲ, ಆನ್‌ಲೈನ್‌ನಲ್ಲಿ ಪ್ಯಾಡಲ್ ಫ್ಲೋಟ್ ಎಂದು ಮಾರುವಂಥದ್ದು, ಮೂರನೆಯದು. ಅದು ಇದ್ದರೆ ಅನುಕೂಲ, ಇಲ್ಲದಿದ್ದರೆ ಅಭ್ಯಾಸವೇನೂ ನಿಲ್ಲುವುದಿಲ್ಲ. ಮೂರಕ್ಕೂ ಇಲ್ಲಿ ಬೆಂಡು ಎಂದೇ ಹೇಳುತ್ತೇವೆ.

ಕಯಾಕ್ ಎಂದರೆ ಕೂತು ಹುಟ್ಟು ಹಾಕುವ ಸಪುರ ದೋಣಿ. ರೋಲ್ ಎಂದರೆ ಮಗುಚಿದ ಕಯಾಕಿನಿಂದ ಹೊರಗೆ ಬರದೆ, ಕೂತಲ್ಲಿಂದಲೇ ಮೈಯನ್ನೂ ದೋಣಿಯನ್ನೂ ಮತ್ತೆ ಮೇಲಕ್ಕೆ ತರುವುದು. ಗ್ರೀನ್‌ಲ್ಯಾಂಡಿನ ಸೀಲ್ ಬೇಟೆಗಾರರಿಗೆ ಇದು ಜೀವ ಉಳಿಸುವ ವಿದ್ಯೆಯಾಗಿತ್ತು. ಆ ತಣ್ಣೀರಿನಲ್ಲಿ ದೋಣಿ ಬಿಟ್ಟು ಈಜಿದವನು ಬದುಕುವುದು ಕಷ್ಟ. ಅವರ ರೋಲ್‌ಗಳು ಹತ್ತಾರು ಬಗೆ, ಒಂದೊಂದಕ್ಕೂ ಒಂದೊಂದು ಆಪತ್ತಿನ ಲೆಕ್ಕ. ಹುಟ್ಟು ಕೈಜಾರಿದರೆ ಈಟಿ ಎಸೆಯುವ ಹಲಗೆಯಿಂದ ಏಳುವುದು, ಅದೂ ಇಲ್ಲದಿದ್ದರೆ ಬರಿಗೈಯಿಂದ, ಅಂಗೈ ಬಿಡಿಸಲಾಗದಿದ್ದರೆ ಮುಷ್ಟಿಯಿಂದ, ಕೈಗೆ ಹಗ್ಗ ಸುತ್ತಿಕೊಂಡಿದ್ದರೆ ಮೊಣಕೈಯಿಂದ. ಗ್ರೀನ್‌ಲ್ಯಾಂಡಿನ ಕಯಾಕ್ ಸಂಘಗಳ ಒಕ್ಕೂಟ ಕಾನ್ನಾತ್ ಕಾತ್ತುಫಿಯಾತ್ ನಡೆಸುವ ಸ್ಪರ್ಧೆಯಲ್ಲಿ ಈ ಬಗೆಗಳಿಗೆ ಬೇರೆ ಬೇರೆ ಅಂಕಗಳಿವೆ. ಒಂದು ಕೈಯಲ್ಲಿ ಕಲ್ಲು ಹಿಡಿದು ಏಳುವುದೂ ಆ ಪಟ್ಟಿಯಲ್ಲಿದೆ. ಬೇಟೆಗಾರನ ಹಿಂಡೆಕ್ಕಿನ (ಕೂತವರ ಬೆನ್ನ ಹಿಂದಿನ, ದೋಣಿಯ ಮೇಲ್ಮುಚ್ಚಿಗೆ) ಮೇಲೆ ಸೀಲ್ ಚರ್ಮದ ಒಂದು ಗಾಳಿಚೀಲವೂ ಇರುತ್ತಿತ್ತು. ಅದರ ಹೆಸರು ಅವತಾಕ್. ಈಟಿಯ ಹಗ್ಗಕ್ಕೆ ಕಟ್ಟಿದ ಈ ಚೀಲ ಗಾಯಗೊಂಡ ಪ್ರಾಣಿ ಆಳಕ್ಕೆ ಇಳಿಯದಂತೆ ತಡೆಯುತ್ತಿತ್ತು. ಹಾಗಾಗಿ ಬೆಂಡು ಕಯಾಕಿಗೆ ಹೊರಗಿನಿಂದ ಬಂದ ಊರುಗೋಲೇನೂ ಅಲ್ಲ.

ನಮ್ಮ ನೀರಿನಲ್ಲಿ ಚಳಿಯ ಆಪತ್ತಿಲ್ಲ. ಬೇಸಿಗೆಯಲ್ಲಿ ಕರಾವಳಿಯ ನೀರು 29–30 ಡಿಗ್ರಿ ಮುಟ್ಟುತ್ತದೆ, ಗಂಟೆಗಟ್ಟಲೆ ಇದ್ದರೂ ಮೈ ಮರಗಟ್ಟುವುದಿಲ್ಲ. ಕಲಿಯುವವರಿಗೆ ಇದು ದೊಡ್ಡ ಲಾಭ, ಜೊತೆಗೆ ಒಂದು ನಷ್ಟವೂ ಇದೆ. ವಿಡಿಯೊಗಳಲ್ಲಿ ಕಾಣುವ ಪರಿಣತರ ಮೈಮೇಲೆ ಸಾಮಾನ್ಯವಾಗಿ ತುಯಿಲಿಕ್ ಇರುತ್ತದೆ. ತಲೆಯಿಂದ ಕಾಕ್‌ಪಿಟ್ಟಿನ (ದೋಣಿಯಲ್ಲಿ ಕೂರುವ ಬಾಯಿ) ಅಂಚಿನವರೆಗೆ ಒಂದೇ ಆಗಿ, ಮುಖ ಮತ್ತು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಮುಚ್ಚುವ ಅಂಗಿ ಅದು. ಈಗಿನದು ಹೆಚ್ಚಾಗಿ ನಿಯೋಪ್ರೀನ್ ಎಂಬ ರಬ್ಬರ್ ಬಟ್ಟೆಯದು. ಆ ಬಟ್ಟೆಯೂ ತೇಲುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿಯೂ ತೇಲುತ್ತದೆ. ಅವರು ಬರಿಗೈಯಲ್ಲಿ ಹೂವೆತ್ತಿದಂತೆ ಏಳುವುದರ ಹಿಂದೆ ಕೌಶಲದ ಜೊತೆಗೆ ಆ ಅಂಗಿಯ ಪಾಲೂ ಇದೆ. ಉಡುಪಿಯ ಸೆಕೆಗೆ ಲೈಕ್ರಾ ಅಂಗಿ ಹಾಕಿಕೊಂಡವರಿಗೆ ಆ ಸಹಾಯವಿಲ್ಲ. ವಿಡಿಯೊ ನೋಡಿ ನಿರಾಶರಾದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜಾಗದ ವಿಷಯ ಮೊದಲು. ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುತ್ತವೆ. ಅಳಿವೆಯ ಬಾಯಲ್ಲಿ ಅಭ್ಯಾಸ ಬೇಡ, ಇಳಿತದ ಹೊತ್ತಿಗೆ ಅಲ್ಲಿನ ಸೆಳೆತ ದೋಣಿಯನ್ನು ನೇರ ಕಡಲಿಗೆ ಒಯ್ಯುತ್ತದೆ. ಕೆಮ್ಮಣ್ಣು, ಹೂಡೆ ಕಡೆ ಒಳಗೆ ಬಂದರೆ ಕುದ್ರುಗಳ (ನದಿಯ ನಡುವಿನ ಸಣ್ಣ ದ್ವೀಪಗಳು) ಮರೆಯಲ್ಲಿ ಮರಳು ತಳದ, ಗಾಳಿ ತಾಗದ ಜಾಗಗಳು ಸಿಗುತ್ತವೆ. ಮೂಲ್ಕಿಯ ಶಾಂಭವಿ ನದಿಯಲ್ಲೂ ಇಂಥ ತಿರುವುಗಳಿವೆ. ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ನಡುವೆ ದೋಣಿ ಓಡಾಟ ಹೆಚ್ಚು. ತಲೆ ನೀರಿನೊಳಗಿದ್ದಾಗ ಎಂಜಿನ್ ದೋಣಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ, ಹಾಗಾಗಿ ಆ ಜಾಗ ನಮಗೆ ಬೇಡವೆನಿಸಿದೆ. ಎಲ್ಲಿ ಇಳಿದರೂ ಮೊದಲು ಕಾಲಲ್ಲಿ ನಡೆದು ತಳ ನೋಡಬೇಕು. ಕಂಬದ ಬುಡ, ಹರಿದ ಬಲೆ, ಮೀನು ಸಾಕಣೆಯ ಪಂಜರದ ಹಗ್ಗ, ಕಲ್ಲಿಗೆ ಅಂಟಿದ ಚಿಪ್ಪು, ಇವು ನಾಲ್ಕೂ ತಲೆಕೆಳಗಾದವನಿಗೆ ಅಪಾಯ.

ಆಳ ಕನಿಷ್ಠ 1.2 ಮೀಟರ್ ಬೇಕು. ತಲೆಕೆಳಗಾದಾಗ ಸೊಂಟದಿಂದ ನೆತ್ತಿಯವರೆಗಿನ ಮೈ ಹತ್ತಿರ ಹತ್ತಿರ 90 ಸೆಂಟಿಮೀಟರ್ ಕೆಳಗೆ ಹೋಗುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ತಲೆ ಮರಳಿಗೆ ತಾಗುತ್ತದೆ. ಎದೆಮಟ್ಟಕ್ಕಿಂತ ಹೆಚ್ಚಾದರೆ ಪಕ್ಕದಲ್ಲಿ ನಿಂತು ಸಹಾಯ ಮಾಡುವವರಿಗೆ ಕಾಲೂರಲು ಆಗದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯಲ್ಲೂ ಭರತ–ಇಳಿತದ ಅಂತರ ಹೆಚ್ಚಾಗಿ ಒಂದೂವರೆ ಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಆದರೆ ಇಳಿತದ ನಡುಹೊತ್ತಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 30 ಸೆಂಟಿಮೀಟರ್ ನೀರು ಇಳಿಯಬಹುದು, ಬಂದಾಗ ಎದೆಮಟ್ಟ ಇದ್ದದ್ದು ನೋಡುತ್ತಿದ್ದಂತೆ ಸೊಂಟಕ್ಕೆ ಬರುತ್ತದೆ. ಭರತ ತುಂಬುವುದಕ್ಕೆ ಒಂದೂವರೆ ಗಂಟೆ ಮೊದಲು ಶುರುಮಾಡಿ, ತುಂಬಿದ ಒಂದು ಗಂಟೆಯೊಳಗೆ ಮುಗಿಸುವುದು ನಮ್ಮ ಪದ್ಧತಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಬೆಳಗಿನ ಹೊತ್ತು ನೀರು ಕನ್ನಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ ಬೆಂಡು ಎಷ್ಟು ಮುಳುಗಿತು ಎಂದು ನೋಡಲಿಕ್ಕೇ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಗೆ ಇಳಿಯುವ ಮಾತೇ ಇಲ್ಲ.

ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕಿನಲ್ಲಿ ಈ ಅಭ್ಯಾಸ ಆಗದು. ತೊಡೆ ಸಿಕ್ಕಿಸಲು ಅದರಲ್ಲಿ ಏನೂ ಇಲ್ಲ. ಡೆಕ್ ಮುಚ್ಚಿದ, 60 ಸೆಂಟಿಮೀಟರಿಗಿಂತ ಅಗಲ ಕಡಿಮೆ ಇರುವ, ಹಿಂಡೆಕ್ ತಗ್ಗಾಗಿರುವ ಕಯಾಕ್ ಬೇಕು. ಗ್ರೀನ್‌ಲ್ಯಾಂಡ್ ಕಯಾಕಿನಲ್ಲಿ ತೊಡೆಗಳ ಮೇಲೆ ಕಮಾನಿನಂತೆ ಬಾಗಿದ ಒಂದು ಅಡ್ಡಪಟ್ಟಿ ಇರುತ್ತದೆ, ಅದೇ ಮಸಿಕ್. ಕಾರ್ಖಾನೆಯ ಕಯಾಕಿನಲ್ಲಿ ಅದರ ಬದಲಿಗೆ ಎರಡು ಬದಿಗೂ ತೊಡೆ ಹಿಡಿಕೆಗಳಿರುತ್ತವೆ. ಸೀಟಿನ ಬೆನ್ನಾಸರೆ ಎತ್ತರವಿದ್ದರೆ ಬಿಚ್ಚಿಡಿ. ಬೆನ್ನು ಹಿಂಡೆಕ್ಕಿನ ಮೇಲೆ ಮಲಗದಂತೆ ತಡೆಯುವುದು ಹೆಚ್ಚಾಗಿ ಅದೇ. ಸೊಂಟದ ಎರಡು ಬದಿಗೆ 10 ಮಿಲಿಮೀಟರಿನ ಇವಿಎ ಫೋಮ್ ಹಾಳೆಯನ್ನು, ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಗಮ್ಮಿನಿಂದ ಪದರ ಪದರವಾಗಿ ಅಂಟಿಸಿ, ಒಂದು ಬೆರಳು ತೂರುವಷ್ಟೇ ಜಾಗ ಉಳಿಸಬೇಕು. ನೆಲದ ಮೇಲೆ ಕೂತು ಸೊಂಟ ಅಲುಗಿಸಿದರೆ ದೋಣಿಯೂ ಅದೇ ಕ್ಷಣ ಅಲುಗಬೇಕು. ಮೈ ಮೊದಲು, ದೋಣಿ ಆಮೇಲೆ ಅಲುಗಿದರೆ ಇನ್ನೊಂದು ಪದರ ಫೋಮ್ ಬೇಕೆಂದು ಅರ್ಥ. ಅತಿ ಬಿಗಿಯೂ ಕೂಡದು, ಹೊರಬರುವಾಗ ಸಿಕ್ಕಿಕೊಳ್ಳುತ್ತದೆ.

ಆ ಹೊರಬರುವ ಅಭ್ಯಾಸ ಎಲ್ಲಕ್ಕಿಂತ ಮೊದಲು. ಸೊಂಟದ ಸುತ್ತ ಕಾಕ್‌ಪಿಟ್ಟನ್ನು ಮುಚ್ಚಿ ನೀರು ತಡೆಯುವ ಹೊದಿಕೆಯ, ಅಂದರೆ ಸ್ಪ್ರೇ ಸ್ಕರ್ಟಿನ, ಮುಂದಿನ ಎಳೆಪಟ್ಟಿ ಯಾವಾಗಲೂ ಹೊರಗಿರಬೇಕು. ಮಗುಚಿದಾಗ ಅದನ್ನು ಮೊದಲು ಮುಂದಕ್ಕೆ, ಆಮೇಲೆ ಮುಖದ ಕಡೆಗೆ ಎಳೆದು, ಎರಡೂ ಕೈ ಸೊಂಟದ ಪಕ್ಕ ಊರಿ, ಕಾಲು ಚಾಚಿ ಜಾರಿಬರುವುದು. ಇದು ಗಾಬರಿಯಿಲ್ಲದೆ ಆಗುವವರೆಗೆ ಬೆಂಡು ಕೈಗೆ ಕೊಡುವುದಿಲ್ಲ. ಜೊತೆಗಾರರಿಗೆ ಸೂಚನೆ ಒಂದೇ: ದೋಣಿಯ ತಳಕ್ಕೆ ಮೂರು ಸಲ ತಟ್ಟಿದರೆ ಕೂಡಲೇ ಎಬ್ಬಿಸಬೇಕು. ಎಬ್ಬಿಸುವವರು ತಳದ ಮೇಲಿಂದ ಕೈ ಹಾಯಿಸಿ ಆಚೆ ಬದಿಯ ಅಂಚನ್ನು ತಮ್ಮ ಕಡೆಗೆ ಎಳೆದು, ಈಚೆ ಅಂಚನ್ನು ಇನ್ನೊಂದು ಕೈಯಿಂದ ಕೆಳಗೆ ಒತ್ತಿದರೆ ಒಬ್ಬರಿಗೇ ಆಗುತ್ತದೆ. ಕೂತವರ ಕೈಹಿಡಿದು ಎಳೆಯಬಾರದು.

ಈಗ ಬೆಂಡು. ಅದನ್ನು ನಾವು ತಕ್ಕಡಿಯ ಹಾಗೆ ಬಳಸುತ್ತೇವೆ. ಒಂದು ಲೀಟರ್ ಗಾಳಿ ನೀರಿನೊಳಗೆ ಹೋದರೆ ಹತ್ತಿರ ಹತ್ತಿರ ಒಂದು ಕಿಲೊ ಭಾರ ಹೊರುತ್ತದೆ. ಉಪ್ಪುನೀರಿನಲ್ಲಿ ಎರಡು ಮೂರು ಪರ್ಸೆಂಟ್ ಹೆಚ್ಚು, ಅಷ್ಟನ್ನು ಬಿಡಬಹುದು. ಆದ್ದರಿಂದ 5 ಲೀಟರಿನ ಕ್ಯಾನು ಅರ್ಧ ಮುಳುಗಿದರೆ ಕೈ ಎರಡೂವರೆ ಕಿಲೊ ಒತ್ತಿದೆ, ಪೂರ್ತಿ ಮುಳುಗಿದರೆ ಐದು ಕಿಲೊ ಅಥವಾ ಇನ್ನೂ ಹೆಚ್ಚು. ದೋಣಿಯನ್ನು ತಿರುಗಿಸಬೇಕಾದದ್ದು ಮೊಣಕಾಲು ಮತ್ತು ಸೊಂಟ. ಅವು ಕೆಲಸ ಮಾಡದಿದ್ದಾಗ ಕೈ ಆ ಕೆಲಸಕ್ಕೆ ನುಗ್ಗುತ್ತದೆ, ಬೆಂಡು ಮುಳುಗುತ್ತದೆ. ದೊಡ್ಡ ಬೆಂಡು ಹಿಡಿದರೆ ಯಾರು ಬೇಕಾದರೂ ಏಳಬಹುದು, ಎದ್ದರು ಎಂದು ಚಪ್ಪಾಳೆ ತಟ್ಟುವಂಥದ್ದೇನೂ ಇಲ್ಲ. ಎಷ್ಟು ಮುಳುಗಿಸಿ ಎದ್ದರು ಎಂಬುದನ್ನು ಮಾತ್ರ ನಾವು ನೋಡುತ್ತೇವೆ. ಲೈಫ್ ಜಾಕೆಟ್ಟೂ ಈ ಲೆಕ್ಕಕ್ಕೆ ಸೇರಬೇಕು. 50 ನ್ಯೂಟನ್ ಎಂದು ಬರೆದಿರುವ ಜಾಕೆಟ್ ಸುಮಾರು ಐದು ಕಿಲೊ ತೇಲಿಸುತ್ತದೆ, ಅಂದರೆ ಮೈಮೇಲೆ ಇನ್ನೊಂದು ಕ್ಯಾನು. ಬೆನ್ನಿನ ಕಡೆ ಫೋಮ್ ತೆಳುವಾಗಿರುವ ಜಾಕೆಟ್ ಆರಿಸಿಕೊಳ್ಳಿ. ದಪ್ಪವಿದ್ದರೆ ಹಿಂಡೆಕ್ಕಿಗೆ ಬೆನ್ನು ತಾಗುವುದಿಲ್ಲ.

ಬಲೆಯ ಬೆಂಡಿನ ಶಕ್ತಿ ಅಳೆಯಲು ಬಕೆಟ್ ಸಾಕು. ಬಕೆಟನ್ನು ಅಂಚಿನವರೆಗೆ ತುಂಬಿಸಿ, ಬೆಂಡನ್ನು ಸಪುರ ಕಡ್ಡಿಯಿಂದ ಪೂರ್ತಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದು, ಅದರಲ್ಲಿ ಬೆಂಡಿನ ತೂಕ ಕಳೆಯಬೇಕು. ಬಂದ ಅಂಕಿಯನ್ನು ಮಾರ್ಕರ್‌ನಿಂದ ಬೆಂಡಿನ ಮೇಲೇ ಬರೆದಿಟ್ಟರೆ ಆಮೇಲೆ ಗೊಂದಲವಿಲ್ಲ. ನಡುವೆ ತೂತಿರುವ ಬೆಂಡುಗಳನ್ನು ಹಗ್ಗಕ್ಕೆ ಪೋಣಿಸಿ, ಬೇಕಾದಂತೆ ಒಂದೊಂದೇ ಕಳಚಬಹುದು.

ಮೊದಲ ಪಾಠದಲ್ಲಿ ಮಗುಚುವುದೂ ಇಲ್ಲ, ಏಳುವುದೂ ಇಲ್ಲ. ಬರೀ ಮಲಗುವುದು. ಈ ಭಂಗಿಯಲ್ಲಿ ದೋಣಿ ಒಂದು ಬದಿಗೆ ವಾಲಿ ನಿಂತಿರುತ್ತದೆ, ಕೂತವರು ಅದರ ಪಕ್ಕದಲ್ಲಿ ನೀರಿನ ಮೇಲೆ ಅಂಗಾತ ತೇಲುತ್ತಿರುತ್ತಾರೆ. ಬಲಬದಿಯ ಲೆಕ್ಕದಲ್ಲಿ ಹೇಳುತ್ತೇವೆ. ಜೊತೆಗಾರರು ಬಲಬದಿಯಲ್ಲಿ, ಕೂತವರ ಬೆನ್ನ ಹಿಂದೆ ನಿಲ್ಲಬೇಕು. ಕೂತವರು ಬಲಗೈಯಲ್ಲಿ ಕ್ಯಾನಿನ ಹಿಡಿ ಹಿಡಿದು, ಎದೆಯನ್ನು ಎಡಕ್ಕೆ, ಆಕಾಶದ ಕಡೆಗೆ ತಿರುಗಿಸುತ್ತಾ, ಬಲಕ್ಕೆ ಬೆನ್ನು ಕೊಟ್ಟು ನೀರಿಗೆ ಒರಗಬೇಕು. ಜೊತೆಗಾರರ ಎರಡೂ ಅಂಗೈ ಹೆಗಲೆಲುಬುಗಳ ಕೆಳಗೆ ಬರುತ್ತವೆ. ಎರಡು ಹೆಗಲೆಲುಬೂ ಒಟ್ಟಿಗೆ ನೀರಿನ ಮೇಲೆ ಚಪ್ಪಟೆಯಾಗಿ ಕೂತರೆ ಅರ್ಧ ಕೆಲಸ ಆಯಿತು. ಒಂದೇ ಹೆಗಲು ಕೆಳಗಾಗಿ ಮೈ ಓರೆಯಾಗಿದ್ದರೆ ಅದು ನೀರನ್ನು ಕತ್ತರಿಸಿಕೊಂಡು ಇಳಿಯುತ್ತದೆ, ಆಗ ಎಷ್ಟು ದೊಡ್ಡ ಬೆಂಡಿದ್ದರೂ ಸಾಲದು.

ಆಮೇಲೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತಲೆಯನ್ನು ಕಿವಿ ಮುಳುಗುವವರೆಗೆ ಹಿಂದಕ್ಕೆ ಬಿಡಬೇಕು. ಮೂಗು ಆಕಾಶಕ್ಕೆ. ಬಲ ಮೊಣಕಾಲು ತೊಡೆ ಹಿಡಿಕೆಗೆ ಒತ್ತಿ ಮೇಲಕ್ಕೆ ಎತ್ತುತ್ತಿರಬೇಕು, ಎಡಗಾಲು ಸಡಿಲವಾಗಿ ಉದ್ದಕ್ಕೆ ಬಿದ್ದಿರಬೇಕು. ಎಡಗೈ ಚಾಚಿ ದೋಣಿಯ ಆಚೆಗೆ. ಬಲ ಮೊಣಕೈ ಮಡಚಿ, ಅಂಗೈ ಕಿವಿಯ ನೇರಕ್ಕೆ ಅಥವಾ ಅದಕ್ಕಿಂತ ಮುಂದಕ್ಕೆ ಇರಬೇಕು, ಹಿಂದಕ್ಕೆ ಹೋಗಲೇಬಾರದು. ಕಾರಣ ಹೆಗಲಿನ ಕೀಲು. ದೊಡ್ಡ ಬೆಂಡು ಕೈಯನ್ನು ಮೇಲೆ ಹಿಡಿದಿರುವಾಗ ಮೈ ಕೆಳಗೆ ಕುಸಿದರೆ ತೋಳು ತಲೆಯ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಹೆಗಲು ಕಳಚುವುದು ಇದೇ ಭಂಗಿಯಲ್ಲಿ. ಹಾಗಾಗಿ ಕಣ್ಣಂಚಿಗೆ ಕ್ಯಾನು ಕಾಣುತ್ತಿರಬೇಕು. ಕಾಣದಿದ್ದರೆ ಕೈ ಬಿಟ್ಟುಬಿಡಿ, ಕ್ಯಾನು ಎಲ್ಲಿಗೂ ಹೋಗುವುದಿಲ್ಲ. ಇದೇ ಕಾರಣಕ್ಕೆ ಕ್ಯಾನನ್ನು ಹಗ್ಗದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಉಸಿರಿನ ಲೆಕ್ಕವನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಎದೆ ತುಂಬಾ ಉಸಿರು ಎಳೆದು ಪೂರ್ತಿ ಹೊರಬಿಟ್ಟರೆ ಮೂರು ನಾಲ್ಕು ಲೀಟರ್ ಗಾಳಿ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಕ್ಯಾನಿನಷ್ಟು ತೇಲುವ ಶಕ್ತಿ. ಹೆದರಿದವರು ನೀರಿಗೆ ಒರಗುವ ಕ್ಷಣದಲ್ಲಿ ಹಾ ಎಂದು ಉಸಿರು ಬಿಡುತ್ತಾರೆ, ಕೂಡಲೇ ಮೈ ಇಳಿಯುತ್ತದೆ, ಕೈ ಕ್ಯಾನನ್ನು ಒತ್ತುತ್ತದೆ. ಎಳೆದುಕೊಂಡು ಹಿಡಿಯಿರಿ, ಚಿಕ್ಕ ಚಿಕ್ಕದಾಗಿ ಮೇಲಿನಿಂದಲೇ ಉಸಿರಾಡಿ. ಮೈ ನಿಂತಿತು ಎನಿಸಿದಾಗ ಜೊತೆಗಾರರು ಮೊದಲು ಒಂದು ಕೈ, ಆಮೇಲೆ ಇನ್ನೊಂದನ್ನು ತೆಗೆಯಬೇಕು, ಹೇಳಿ ತೆಗೆಯಬೇಕು. ಕ್ಯಾನು ನೀರಿನೊಳಗೆ ಎರಡು ಬೆರಳು ಮಾತ್ರ ಇಳಿದು ನಿಂತರೆ ಮುಂದಿನ ಪಾಠ. ಅಲ್ಲಿಯವರೆಗೆ ಇದೇ. ನಮ್ಮ ಗುಂಪಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಇದೇ, ಹೆಚ್ಚು ಜನ ಬೇಸರದಿಂದ ಹಾರಿಸಿಬಿಡುವುದೂ ಇದನ್ನೇ. ಹಾರಿಸಿದವರು ಕೊನೆಗೆ ಬರಿಗೈ ರೋಲಿನ ಹೊತ್ತಿಗೆ ವಾಪಸ್ಸು ಇಲ್ಲಿಗೇ ಬರುತ್ತಾರೆ.

ಏಳುವುದು ಇಲ್ಲಿಂದ ಮುಂದೆ. ಮಲಗಿದ ಭಂಗಿಯಲ್ಲಿ ಬಲ ಮೊಣಕಾಲನ್ನು ಒಂದೇ ಸಮನೆ ಮೇಲಕ್ಕೆ ಎಳೆಯಬೇಕು. ಝಟಕಾ ಬೇಡ. ದೋಣಿ ಮೈಯ ಕೆಳಗೆ ತಿರುಗಿಬರುತ್ತದೆ. ಮೊದಲು ಸೊಂಟ, ಆಮೇಲೆ ಬೆನ್ನಿನ ನಡು, ಆಮೇಲೆ ಹೆಗಲು, ಕೊನೆಗೆ ತಲೆ ಹಿಂಡೆಕ್ಕಿನ ಮೇಲೆ ಜಾರಿ ಬರಬೇಕು. ಮೇಲೆ ಬಂದಾಗ ಹಿಂದಲೆ ಡೆಕ್ಕಿಗೆ ತಾಗಿರಬೇಕು, ಕಣ್ಣು ಆಕಾಶ ನೋಡುತ್ತಿರಬೇಕು. ಕ್ಯಾನು ಇದ್ದಲ್ಲೇ ಇರಲಿ, ತೋಳು ಮಡಚಿಕೊಳ್ಳುತ್ತಾ ಸೊಂಟದ ಕಡೆ ಬಂದರೆ ಸಾಕು. ಎಡಗೈ ಆಚೆ ಬದಿಗೆ ಚಾಚಿದಷ್ಟೂ ಅದರ ಭಾರ ದೋಣಿಯನ್ನು ಮೇಲಕ್ಕೆ ತರಲು ಸಹಾಯ ಮಾಡುತ್ತದೆ.

ತಪ್ಪುಗಳಲ್ಲಿ ಮೊದಲನೆಯದು ತಲೆ. ಮನುಷ್ಯರ ತಲೆ ನಾಲ್ಕೂವರೆ, ಐದು ಕಿಲೊ ತೂಗುತ್ತದೆ. ನೀರಿನಲ್ಲಿದ್ದಾಗ ನೀರೇ ಅದನ್ನು ಹೊರುತ್ತದೆ, ಹೊರಗೆ ಎತ್ತಿದ ಕ್ಷಣ ಅಷ್ಟೂ ಭಾರ ಬೆಂಡಿನ ಮೇಲೆ. ಮುಳುಗುವ ಭಯಕ್ಕೆ ಎಲ್ಲರೂ ಮೊದಲು ಎತ್ತುವುದು ತಲೆಯನ್ನೇ. ಅದಕ್ಕೇ ಜೊತೆಗಾರರ ಬಾಯಲ್ಲಿ ದಿನಪೂರ್ತಿ ಒಂದೇ ಮಾತು: "ತಲೆ ಬಿಡಿ ಮಾರಾಯ್ರೆ, ತಲೆ ಬಿಡಿ!" ಎರಡನೆಯದು ಎರಡೂ ಮೊಣಕಾಲನ್ನು ಒಟ್ಟಿಗೆ ಎತ್ತುವುದು. ಬಲಗಾಲು ದೋಣಿಯನ್ನು ಎಬ್ಬಿಸಲು ನೋಡುತ್ತದೆ, ಎಡಗಾಲು ಅದನ್ನೇ ಮಗುಚಲು ನೋಡುತ್ತದೆ, ದೋಣಿ ಅಲ್ಲಾಡುವುದಿಲ್ಲ, ಕೂತವರಿಗೆ ಶಕ್ತಿ ಸಾಲದು ಎನಿಸುತ್ತದೆ. ಎಡ ಪಾದವನ್ನು ದೋಣಿಯೊಳಗಿನ, ಪಾದ ಊರುವ ಪೆಡಲಿನಿಂದ ತೆಗೆದು ಕಾಲು ಚಾಚಿಟ್ಟರೆ ಇದು ತಾನಾಗಿ ಸರಿಯಾಗುತ್ತದೆ. ಮೂರನೆಯದನ್ನು ಹೊರಗಿನಿಂದ ಗುರುತಿಸುವುದು ಕಷ್ಟ. ಅರ್ಧ ಬಂದ ಮೇಲೆ ಬೆನ್ನು ಮಲಗಿಸುವ ಬದಲು ಎದ್ದು ಕೂರಲು ಹೋಗುವುದು. ಐದು ಲೀಟರಿನ ಬೆಂಡಿದ್ದಾಗ ಇದು ನಡೆದುಹೋಗುತ್ತದೆ, ಎರಡು ಲೀಟರಿಗೆ ಬಂದಾಗ ಕೈಕೊಡುತ್ತದೆ. ಬೆಂಡನ್ನು ಇಳಿಸಿದಾಗ ಇದ್ದಕ್ಕಿದ್ದಂತೆ ಎಲ್ಲ ಮರೆತುಹೋದಂತೆ ಕಂಡರೆ ಮೊದಲು ಇದನ್ನೇ ನೋಡಬೇಕು.

ನಡು ನೋವಿರುವವರಿಗೆ ಹಿಂದಕ್ಕೆ ಬಾಗುವ ಈ ರೋಲ್‌ಗಳು ಹೊಂದುವುದಿಲ್ಲ. ಗ್ರೀನ್‌ಲ್ಯಾಂಡ್ ಪಟ್ಟಿಯಲ್ಲಿ ಮುಂದಕ್ಕೆ ಬಾಗಿ ಮುಗಿಯುವ ರೋಲ್‌ಗಳೂ ಇವೆ, ಆದರೆ ಅದು ಬೇರೆಯೇ ದಾರಿ.

ಪೂರ್ತಿ ಮಗುಚುವುದು ಆಮೇಲೆ. ಕ್ಯಾನನ್ನು ಎರಡೂ ಕೈಯಿಂದ ಎದೆಗೆ ಅಪ್ಪಿಕೊಂಡು, ಮುಂದಕ್ಕೆ ಬಾಗಿ, ಎಡಕ್ಕೆ ಬೀಳಬೇಕು. ಮೂಗಿಗೆ ಕ್ಲಿಪ್ ಹಾಕಿರಲಿ. ಇಲ್ಲದಿದ್ದರೆ ತಲೆಕೆಳಗಾದಾಗ ಮೂಗಿನೊಳಗೆ ಹೋದ ಉಪ್ಪುನೀರು ಸಂಜೆ ಊಟದ ಹೊತ್ತಿಗೆ ತಟ್ಟೆಗೆ ಇಳಿಯುತ್ತದೆ. ದೋಣಿ ಪೂರ್ತಿ ತಿರುಗಿ ನಿಲ್ಲುವವರೆಗೆ ಕಾಯಬೇಕು. ನೀರಿನೊಳಗೆ ಕ್ಯಾನು ಐದು ಕಿಲೊ ಬಲದಿಂದ ಮೇಲಕ್ಕೆ ಎಳೆಯುತ್ತಿರುತ್ತದೆ, ದಿಕ್ಕು ತಪ್ಪಿದವರಿಗೆ ಅದೇ ದಿಕ್ಸೂಚಿ: ಅದು ಹೋಗುವ ಕಡೆ ಮೇಲು. ಅದನ್ನು ದೋಣಿಯ ಬಲಬದಿಗೆ ಬಿಟ್ಟುಕೊಟ್ಟು, ಹಿಂದೆಯೇ ಮೈಯನ್ನೂ ನೀರಿನ ಮೇಲ್ಮೈಗೆ ತಂದು, ಅಲ್ಲಿ ಅಂಗಾತ ಬಿಚ್ಚಿಕೊಂಡರೆ ಮೊದಲ ಪಾಠದ ಭಂಗಿ ಸಿಗುತ್ತದೆ. ಅಲ್ಲಿ ಒಂದು ಕ್ಷಣ ನಿಂತು, ಉಸಿರೆಳೆದು, ಆಮೇಲೆ ಮೊಣಕಾಲು. ಕೆಳಗಿನಿಂದ ನೇರ ಡೆಕ್ಕಿನವರೆಗೆ ಒಂದೇ ಉಸಿರಿನಲ್ಲಿ ನುಗ್ಗಿದರೆ ಯಾವ ಹಂತದಲ್ಲಿ ತಪ್ಪಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಇಳಿಸುವ ಕ್ರಮ ಹೀಗಿದೆ. ಸತತವಾಗಿ ಮೂರು ಸಲ ಬೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಳುಗದೆ ಎದ್ದರೆ ಒಂದು ಲೀಟರ್ ಇಳಿಸುವುದು. ಐದರಿಂದ ನಾಲ್ಕು, ಮೂರು, ಎರಡು. ಎರಡರ ನಂತರ ಅರ್ಧರ್ಧ ಲೀಟರ್. ಬೇರೆ ಬೇರೆ ಕ್ಯಾನು ಬೇಕಿಲ್ಲ, ಇದ್ದುದಕ್ಕೇ ನೀರು ತುಂಬಿಸಿದರೆ ಒಳಗಿನ ಗಾಳಿಯಷ್ಟೇ ತೇಲುತ್ತದೆ. ಇದರಲ್ಲಿ ಒಂದು ತೊಡಕು ಇದೆ: ಒಳಗಿನ ಮೂರು ಲೀಟರ್ ನೀರು ನೀರಿನಲ್ಲಿದ್ದಾಗ ಲೆಕ್ಕಕ್ಕಿಲ್ಲ, ಕ್ಯಾನನ್ನು ಮೇಲೆತ್ತಿದರೆ ಮೂರು ಕಿಲೊ ಭಾರ. ಎದ್ದ ಖುಷಿಗೆ ಕ್ಯಾನನ್ನು ಡೆಕ್ಕಿನ ಮೇಲೆ ಎಳೆದುಕೊಂಡವರು ಅದೇ ಭಾರಕ್ಕೆ ಮತ್ತೆ ಮಗುಚುತ್ತಾರೆ. ಹಾಗಾಗಿ ಎರಡು ಲೀಟರಿನಿಂದ ಕೆಳಗೆ ಸಣ್ಣ ಪ್ಲಾಸ್ಟಿಕ್ ಬಾಟಲಿಯೋ ಫೋಮ್ ಬೆಂಡೋ ಉತ್ತಮ. ಬಾಟಲಿಯ ಮುಚ್ಚಳ ಗಟ್ಟಿ ಇರಲಿ. ಐದರಿಂದ ಒಂದಕ್ಕೆ ನೆಗೆಯುವವರು ಬಹಳ ಮಂದಿ. ಒಂದೆರಡು ಸಲ ತೋಳಿನ ಬಲದಿಂದ ಏಳುತ್ತಾರೆ ಕೂಡ. ಹಾಗೆ ಎದ್ದದ್ದನ್ನು ಮೈ ಮರೆಯುವುದಿಲ್ಲ, ಆಮೇಲೆ ಅದನ್ನು ಬಿಡಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ.

ಹುಟ್ಟಿನ ತುದಿಗೆ ಬೆಂಡು ಕಟ್ಟುವ ಅಭ್ಯಾಸವನ್ನು ನಾವು ಇದರ ನಂತರ ಇಟ್ಟುಕೊಂಡಿದ್ದೇವೆ, ಮೊದಲು ಇಡುವವರೂ ಇದ್ದಾರೆ. ಗ್ರೀನ್‌ಲ್ಯಾಂಡ್ ಹುಟ್ಟಿನ ಅಳತೆ ನಮ್ಮ ಹಳೆಯ ಅಳತೆಗೆ ಸರಿಯಾಗಿ ಕೂರುತ್ತದೆ: ಬಳಸುವವರ ಒಂದು ಮಾರು, ಒಂದು ಮೊಳ. ಚಾಚಿದ ಕೈಗಳ ನಡುವೆ 168 ಸೆಂಟಿಮೀಟರ್, ಮೊಣಕೈಯಿಂದ ಬೆರಳ ತುದಿಗೆ 45 ಇದ್ದವರಿಗೆ 213 ಸೆಂಟಿಮೀಟರಿನ ಹುಟ್ಟು. ಅಲಗಿನ ಅಗಲ 8–9 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು; ನಡುವಿನ ಹಿಡಿ ಹೆಗಲಗಲ. ಈ ಸಪುರ ಅಲಗಿನಿಂದ ಅಂಗಡಿಯ ಗಾಳಿಚೀಲ ಜಾರಿಹೋಗುತ್ತದೆ, ಅದರ ಕ್ಲಿಪ್ಪಿನ ಹಗ್ಗವನ್ನು ಅಲಗಿಗೆ ಒಂದು ಸುತ್ತು ಸುತ್ತಿ ಬಿಗಿಯಬೇಕು. ಪೋಣಿಸಿದ ಬಲೆಯ ಬೆಂಡಾದರೆ ಈ ರಗಳೆ ಇಲ್ಲ.

ಬೆಂಡು ಮೈಯಿಂದ ದೂರ ಹೋದಷ್ಟೂ ಸನ್ನೆಗೋಲಿನ ಬಲ ಹೆಚ್ಚುತ್ತದೆ. 1927ರಲ್ಲಿ ಯುರೋಪಿನಲ್ಲಿ ಮೊದಲು ರೋಲ್ ಸಾಧಿಸಿದ ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ ಹುಟ್ಟನ್ನು ಒಂದು ತುದಿಯಲ್ಲಿ ಹಿಡಿದು ಉದ್ದಕ್ಕೆ ಚಾಚಿದ್ದೂ ಈ ಬಲಕ್ಕಾಗಿಯೇ. ಕೈಯಲ್ಲಿ ಹಿಡಿದಾಗ ಕಷ್ಟವೆನಿಸುವ ಒಂದು ಲೀಟರಿನ ಬೆಂಡು ಚಾಚಿದ ಹುಟ್ಟಿನ ತುದಿಯಲ್ಲಿ ಧಾರಾಳ. ಅದಕ್ಕೇ ನಾವು ಈ ಹಂತವನ್ನು ಬೇಗ ಮುಗಿಸುತ್ತೇವೆ. ಬೆಂಡು ಕಟ್ಟಿದ ಅಲಗು ಯಾವ ಓರೆಯಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ, ತಪ್ಪು ಓರೆಯಲ್ಲಿದ್ದರೂ ಬೆಂಡು ಅದನ್ನು ಇಳಿಯಗೊಡುವುದಿಲ್ಲ. ಹುಟ್ಟನ್ನು ದೋಣಿಗೆ ಅಡ್ಡವಾಗಿ ಚಾಚಿ, ಹಿಂದಕ್ಕೆ ಬೀಸದೆ, ಮೊಣಕಾಲಿನಿಂದಲೇ ಎದ್ದು ಮುಗಿಸಿ. ಬೀಸಿದರೆ ಬೆಂಡು ನೀರಿನಲ್ಲಿ ಎಳೆದು ಹೆಗಲಿಗೆ ಪೆಟ್ಟು. ಬೆಂಡು ಬಿಚ್ಚಿದ ಮೇಲೆ ಅದೇ ಜಾಗದಲ್ಲಿ ಮಲಗಿ, ಅಲಗಿನ ಮುಂದಿನ ಅಂಚನ್ನು ಸ್ವಲ್ಪವೇ ಎತ್ತಿ, ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಸವರುತ್ತಾ ತೇಲುವುದನ್ನು ಕಲಿಯಬೇಕು. ಅಲಗು ಕೆಳಗೆ ಇಳಿದರೆ ಅಂಚು ತಗ್ಗಿದೆ, ಸವರಿದಾಗ ನೀರು ದಡಬಡ ಎಂದರೆ ಅಂಚು ಹೆಚ್ಚಾಗಿ ಎದ್ದಿದೆ.

ಕೊನೆಯ ಮೆಟ್ಟಿಲು ನೊರ್ಸಾಕ್, ಈಟಿ ಎಸೆಯುವ ಹಲಗೆ. ಅರ್ಧ ಮೀಟರಿನ ಆಸುಪಾಸಿನ ಉದ್ದ, ಅಂಗೈಯಷ್ಟು ಅಗಲ. ಮೊದಲು ಈಜು ಕಲಿಯುವವರ ಫೋಮ್ ಹಲಗೆಯನ್ನು ಆ ಅಳತೆಗೆ ಕತ್ತರಿಸಿಕೊಂಡರೆ ಅದು ಅರ್ಧ ಬೆಂಡು, ಅರ್ಧ ಹಲಗೆ. ಅದರಲ್ಲಿ ಏಳುವುದು ಸಲೀಸಾದ ಮೇಲೆ ಮರದ್ದು, ಆಮೇಲೆ ಬರಿಗೈ. ಇಲ್ಲಿ ಲೈಫ್ ಜಾಕೆಟ್ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಜನ ನಿಂತಿರುವಾಗ ಮಾತ್ರ, ಅದೂ ತೆಗೆದ ದಿನ ಬೆಂಡನ್ನು ಎರಡು ಲೀಟರಿಗೆ ವಾಪಸ್ಸು ಏರಿಸಿಯೇ.

ಒಂದು ಸಲಕ್ಕೆ 40–45 ನಿಮಿಷ ಸಾಕು. ದಣಿದ ನಡು ಬಾಗುವುದಿಲ್ಲ, ಆಗ ಕೈ ಒತ್ತಲು ಶುರುಮಾಡುತ್ತದೆ. ಮುಗಿದ ಮೇಲೆ ಕಿವಿಗೆ ಶುದ್ಧ ನೀರು ಹಾಯಿಸಿ, ತಲೆ ವಾಲಿಸಿ ಒಣಗಿಸಬೇಕು. ಹೊಳೆನೀರು ಕಿವಿಯಲ್ಲಿ ನಿಂತರೆ ಎರಡೇ ದಿನದಲ್ಲಿ ನೋವು. ಮೈಮೇಲೆ ಗಾಯವಿದ್ದರೆ ಇಳಿಯಬೇಡಿ, ಅದರಲ್ಲೂ ಮಳೆ ಬಿಟ್ಟ ಹೊಸತರಲ್ಲಿ. ಇಲಿಜ್ವರ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಇಳಿದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಹೊಳೆಗೆ ಇಳಿದಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಬಲಬದಿಯಲ್ಲಿ ಬರಿಗೈಗೆ ತಲುಪಿದವರು ಎಡಬದಿಯೂ ಅಲ್ಲಿಂದಲೇ ಶುರುವಾಗುತ್ತದೆ ಎಂದುಕೊಳ್ಳುತ್ತಾರೆ. ಹಾಗೆ ಆಗುವುದು ಅಪರೂಪ. ಬಲಕ್ಕೆ ತಿರುಗಿ ಬಾಗುವ ಬೆನ್ನು ಎಡಕ್ಕೆ ಅಷ್ಟೇ ಬಾಗುತ್ತದೆ ಎಂದಿಲ್ಲ, ಬಲ ಮೊಣಕಾಲಿಗೆ ರೂಢಿಯಾದ ಕೆಲಸ ಎಡಕ್ಕೆ ಗೊತ್ತಿರುವುದಿಲ್ಲ. ಜೊತೆಗಾರರ ಅಂಗೈ ಮತ್ತೆ ಹೆಗಲೆಲುಬಿನ ಕೆಳಗೆ, ಕ್ಯಾನಿನ ನೀರು ಪೂರ್ತಿ ಖಾಲಿ, ಮೂಗು ಆಕಾಶಕ್ಕೆ. ಈ ಸಲ ಅಂಕಿಗಳು ಬೇಗ ಇಳಿಯುತ್ತವೆ. ಎರಡು ಲೀಟರಿನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಲ್ಲುತ್ತವೆ, ಆಗ ಎಡ ಹೆಗಲೆಲುಬು ಚಪ್ಪಟೆಯಾಗಿದೆಯೇ ಎಂದು ನೋಡಿ.